ಕೈಯಲ್ಲಿನ ನಕ್ಷೆ, ಹೊಲದಲ್ಲಿನ ಕಲ್ಲು

ಹೊಲ ಊರಿನಲ್ಲಿ, ಹೊಟ್ಟೆಪಾಡು ಕೋಪರಖೈರಣೆಯಲ್ಲಿ. ನಮ್ಮ ವಾಚನಾಲಯಕ್ಕೆ ಬರುವ ಎಷ್ಟೋ ಮಂದಿಯ ಸ್ಥಿತಿ ಇದು. ಅವರಿಗೆ ಈಗೊಂದು ಅನುಕೂಲ ಒದಗಿದೆ. ಕರ್ನಾಟಕದ ಭೂಮಾಪನ ಇಲಾಖೆಯವರು 2018ರಲ್ಲಿ ಹೊರತಂದ ‘ದಿಶಾಂಕ್’ ಆ್ಯಪನ್ನು ಮೊಬೈಲಿನಲ್ಲಿ ತೆರೆದರೆ ಸರ್ವೆ ನಂಬರುಗಳ ಗೆರೆಗಳು ಉಪಗ್ರಹ ಚಿತ್ರದ ಮೇಲೆ ಮೂಡುತ್ತವೆ. ರಜೆಯಲ್ಲಿ ಹೋಗಿ ಬದುವಿನ ಮೇಲೆ ನಿಂತರೆ ಯಾವ ನಂಬರಿನಲ್ಲಿದ್ದೇವೆಂಬುದೂ ತಿಳಿಯುತ್ತದೆ. ಆದರೆ ಆ ಗೆರೆಯನ್ನೇ ನಂಬಿ ಪಕ್ಕದ ಹೊಲದವರೊಡನೆ ಜಗಳಕ್ಕೆ ಇಳಿಯಬಹುದೆ? ಇಳಿಯಬಾರದು. ಕಾರಣವನ್ನು ವಿಚಾರಿಸೋಣ.

ಮೊದಲನೆಯದು ಮೊಬೈಲಿನ ತಪ್ಪು. ಉಪಗ್ರಹಗಳ ಸಂಕೇತ ಬಂದು ಮುಟ್ಟಲು ಹಿಡಿದ ಕಾಲದಿಂದ ಅದು ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಬಯಲಿನಲ್ಲಿ ನಿಂತರೂ ಸುಮಾರು 5 ಮೀಟರು, ಎಂದರೆ 16 ಅಡಿ, ಆಚೀಚೆಯಾಗುವುದು ಸಾಮಾನ್ಯ. ಮರದಡಿಯಲ್ಲಿ ಇನ್ನೂ ಹೆಚ್ಚು. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. 200 ಅಡಿ ಉದ್ದದ ಬದು 16 ಅಡಿ ಸರಿದರೆ ಹತ್ತಿರ ಹತ್ತಿರ ಮೂರು ಗುಂಟೆ ಕೈಬಿಟ್ಟಂತೆ!

ಎರಡನೆಯದು ಹಳೆಯ ನಕ್ಷೆಯ ತಪ್ಪು. ದಿಶಾಂಕಿನ ಗೆರೆಗಳು ಬಹುಮಟ್ಟಿಗೆ ಹೊಸದಾಗಿ ಹೊಲವನ್ನು ಅಳೆದು ಎಳೆದುವಲ್ಲ. ಕಾಗದದ ಗ್ರಾಮನಕ್ಷೆಗಳನ್ನು ಅಕ್ಷಾಂಶ ರೇಖಾಂಶಗಳಿಗೆ ಹೊಂದಿಸಿ ತೆಗೆದುವು. ಮೈಲಿಗೆ 8 ಇಂಚು ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿಲಿಮೀಟರಿನ ಗೆರೆಯೇ ನೆಲದ ಮೇಲೆ 4 ಮೀಟರಾಗುತ್ತದೆ. ಕಾಗದ ಕುಗ್ಗಿದ್ದರೆ ಆ ತಪ್ಪೂ ಸೇರಿಕೊಳ್ಳುತ್ತದೆ.

ಹಾಗಾದರೆ ಉಪಗ್ರಹದ ಅಳತೆ ನಿರುಪಯೋಗಿಯೆ? ಅಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯವರು ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಸ್ಥಿರ ಕೇಂದ್ರಗಳನ್ನು ನಿಲ್ಲಿಸಿದ್ದಾರೆ. ಕೇಂದ್ರದ ನಿಜವಾದ ಸ್ಥಾನ ಮೊದಲೇ ಗೊತ್ತಿರುವುದರಿಂದ, ಉಪಗ್ರಹದ ಲೆಕ್ಕದಲ್ಲಿ ಆ ಗಳಿಗೆ ಎಷ್ಟು ತಪ್ಪಿದೆಯೆಂಬುದು ತಿಳಿಯುತ್ತದೆ. ಅದನ್ನು ಹೊಲದಲ್ಲಿನ ಅಳತೆಯ ಯಂತ್ರಕ್ಕೆ ತಿಳಿಸಿದರೆ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. 3 ಸೆಂಟಿಮೀಟರಿನ ತಪ್ಪಿಗೆ ಅದೇ ಬದುವಿನಲ್ಲಿ ವ್ಯತ್ಯಾಸ ಸುಮಾರು 20 ಚದರಡಿ ಮಾತ್ರ.

ನಮ್ಮ ಮಗ್ಗುಲಲ್ಲಿರುವ ಠಾಣೆ ಖಾಡಿಗೂ ಈ ವಿಚಾರ ಸಲ್ಲುತ್ತದೆ. ಕಾಂಡ್ಲಾ ವನಗಳ ಸುತ್ತ 50 ಮೀಟರಿನೊಳಗೆ ಕಟ್ಟಡ ಕೂಡದೆಂದು ಮುಂಬಯಿ ಹೈಕೋರ್ಟು 2018ರಲ್ಲಿ ತೀರ್ಪಿತ್ತಿತು. 10 ಮೀಟರು ಚೌಕಗಳಾಗಿ ನೆಲವನ್ನು ಕಾಣುವ ಉಪಗ್ರಹ ಚಿತ್ರದಲ್ಲಿ ವನದ ಅಂಚು ಒಂದೇ ಚೌಕ ತಪ್ಪಿದರೂ ಆ ರಕ್ಷಣೆಯ ಐದನೆಯ ಒಂದು ಪಾಲು ಹೋಯಿತು. ಆದುದರಿಂದಲೇ ಚಿತ್ರ ನೋಡಿದ ಮೇಲೂ ಕೆಸರಿಗಿಳಿದು ಅಂಚನ್ನು ಕಂಡು ಬರಬೇಕಾಗುತ್ತದೆ.

ಊರಿನ ಹೊಲಕ್ಕೂ ಇದೇ ನಿಯಮ. ದಿಶಾಂಕನ್ನು ಧಾರಾಳವಾಗಿ ನೋಡಿರಿ. ಕೊಳ್ಳುವ ಜಮೀನು ಕೆರೆಯಂಗಳವೋ ಗೋಮಾಳವೋ ಎಂಬ ಸಂಶಯ ಹುಟ್ಟಲು ಅದು ಸಾಕು. ಆದರೆ ಬೇಲಿ ಸರಿಸುವ ಮೊದಲು ಭೂಮಾಪನ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಕೊಡಿರಿ. ಅಕ್ಕಪಕ್ಕದವರಿಗೆ ನೋಟೀಸು ಹೋಗಿ, ಅವರ ಎದುರಿಗೇ ಟಿಪ್ಪಣಿಯಂತೆ ಅಳತೆಯಾಗಲಿ, ಬಾಂದುಕಲ್ಲು ಸಿಗಲಿ. ಐದು ಮೀಟರಿನ ಅನುಮಾನಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುವುದು ಬೇಡ.