ಹೆಪಾರಿನ್: ಪ್ಲೇಟ್‌ಲೆಟ್ ಇಳಿದರೂ ರಕ್ತ ಹೆಪ್ಪುಗಟ್ಟುವುದೇಕೆ?

ಡೆಂಗೆ ಜ್ವರದ ದೆಸೆಯಿಂದ ಪ್ಲೇಟ್‌ಲೆಟ್ ಎಂಬ ಪದ ಮನೆಮಾತಾಗಿದೆ. ಅದರ ಸಂಖ್ಯೆ ಕುಸಿದರೆ ರಕ್ತಸ್ರಾವದ ಭಯ ಎಂಬುದೂ ಬಹುತೇಕರಿಗೆ ಗೊತ್ತು. ಆದರೆ ಹೆಪಾರಿನ್ ಚುಚ್ಚುಮದ್ದು ಪಡೆದ ಕೆಲವರಲ್ಲಿ ಪ್ಲೇಟ್‌ಲೆಟ್ ಇಳಿದಾಗ ಎದುರಾಗುವ ಮುಖ್ಯ ಅಪಾಯ ಇದಕ್ಕೆ ತದ್ವಿರುದ್ಧವಾದುದು.

ಹಂದಿಯ ಕರುಳಿನಿಂದ ತಯಾರಿಸುವ ಹೆಪಾರಿನ್, ಜನ ಭಾವಿಸುವಂತೆ ರಕ್ತವನ್ನು ನೀರಾಗಿಸುವುದಿಲ್ಲ. ದೇಹದಲ್ಲೇ ಇರುವ ಆಂಟಿಥ್ರಾಂಬಿನ್‌ಗೆ ಬಲ ತುಂಬಿ ಹೆಪ್ಪುಗಟ್ಟುವಿಕೆಯನ್ನು ತಡೆಯುತ್ತದೆ. ಹೃದಯಾಘಾತ, ಡಯಾಲಿಸಿಸ್, ಶಸ್ತ್ರಚಿಕಿತ್ಸೆಗಳಲ್ಲಿ ಇದು ಜೀವರಕ್ಷಕ.

ತೊಡಕು ಇರುವುದು ಪ್ಲೇಟ್‌ಲೆಟ್‌ಗಳು ಸ್ರವಿಸುವ 'ಪಿಎಫ್-4' ಎಂಬ ಪ್ರೋಟೀನಿನಲ್ಲಿ. ಹೆಪಾರಿನ್ ಜೊತೆ ಬೆಸೆದುಕೊಂಡ ಈ ಪ್ರೋಟೀನನ್ನು ಕೆಲವರ ದೇಹ ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ಅವು ಪ್ಲೇಟ್‌ಲೆಟ್‌ಗಳನ್ನೇ ಕೆರಳಿಸುತ್ತವೆ. ಕೆರಳಿದ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತವೆ. ಹೀಗೆ ವ್ಯಯವಾಗುವುದರಿಂದಲೇ ಅವುಗಳ ಸಂಖ್ಯೆಯೂ ಇಳಿಯುತ್ತದೆ.

ಇದು ವಿರಳ. ಆದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಚಿಕಿತ್ಸೆ ಆರಂಭವಾದ 5ರಿಂದ 10ನೇ ದಿನದೊಳಗೆ. ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಜಯದೇವದಲ್ಲೋ ಹೆಪಾರಿನ್ ಪಡೆದ ಮಳವಳ್ಳಿಯ ರೋಗಿ ಅಷ್ಟರಲ್ಲಿ ಮನೆ ಸೇರಿರಬಹುದು. 3 ಲಕ್ಷವಿದ್ದ ಪ್ಲೇಟ್‌ಲೆಟ್ 1.4 ಲಕ್ಷಕ್ಕೆ ಇಳಿದರೆ ಡೆಂಗೆಯ ಲೆಕ್ಕದಲ್ಲಿ ಅದು ಗಾಬರಿಯ ಸಂಖ್ಯೆಯೇನಲ್ಲ. ಇಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚಿನ ಆ ಕುಸಿತವೇ ಎಚ್ಚರಿಕೆಯ ಗಂಟೆ. ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಿ ಡಿಸ್ಚಾರ್ಜ್ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.

ಇಂಥ ಶಂಕೆ ಬಲವಾದರೆ ವೈದ್ಯರು ಹೆಪಾರಿನ್ ಸಂಪೂರ್ಣ ನಿಲ್ಲಿಸಿ, ಅರ್ಗಾಟ್ರೋಬಾನ್‌ನಂತಹ ಬದಲಿ ಔಷಧ ನೀಡುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸುವುದಿಲ್ಲ.