ಯಾವ ರಾಗಿ ಮೇಲು?

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ರಾಗಿ ತಳಿಗಳಿಗೆ ನಂಬರೇ ಹೆಸರು: ಜಿಪಿಯು-28, ಎಂಎಲ್-365, ಎಂಆರ್-6. ಇವುಗಳಲ್ಲಿ ಯಾವುದರ ಇಳುವರಿ ಹೆಚ್ಚು? ಅಕ್ಕಪಕ್ಕ ಬಿತ್ತಿ, ಒಕ್ಕಿ, ತೂಗಿ, ಸರಾಸರಿ ತೆಗೆದರೆ ಗೊತ್ತಾಗುವುದಿಲ್ಲವೇ?

ಗೊತ್ತಾಗುವುದಿಲ್ಲ. ಒಂದೇ ತಳಿಯನ್ನು ಒಂದೇ ಹೊಲದ ನಾಲ್ಕು ಮಡಿಗಳಲ್ಲಿ ಬಿತ್ತಿದರೂ ನಾಲ್ಕು ಬೇರೆ ತೂಕ ಬರುತ್ತವೆ. ಇಳಿಜಾರಿನ ಕೆಮ್ಮಣ್ಣಿನಲ್ಲಿ ತಗ್ಗಿನ ಕಡೆ ತೇವ ಹೆಚ್ಚು ನಿಲ್ಲುತ್ತದೆ. ಬದುವಿನ ಮರದ ನೆರಳಿಗೆ ಒಂದು ಮೂಲೆ ಸೊರಗುತ್ತದೆ. ಸರಾಸರಿಗಳ ಅಂತರ ತಳಿಯದೋ, ನೆಲದ್ದೋ?

ಎರಡೆರಡನ್ನೇ ಹೋಲಿಸುತ್ತ ಹೋದರೂ ತೊಡಕಿದೆ. ಐದು ತಳಿಗಳೆಂದರೆ ಹತ್ತು ಜೋಡಿ. ಇಲ್ಲದ ವ್ಯತ್ಯಾಸವನ್ನು ಇದೆಯೆನ್ನುವ ಅಪಾಯ ಪ್ರತಿ ಜೋಡಿಗೆ ಶೇ. 5 ಇದ್ದರೂ, ಐದೂ ತಳಿ ಸಮವಾಗಿದ್ದಾಗ ಎಲ್ಲಾದರೊಂದು ಕಡೆ ಎಡವುವ ಸಂಭವ ಸುಮಾರು ನಾಲ್ಕರಲ್ಲೊಂದು.

ಇದಕ್ಕೆ ದಾರಿ ತೋರಿದವರು 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದ ರೊನಾಲ್ಡ್ ಫಿಶರ್. 1923ರಲ್ಲಿ ಸಹೋದ್ಯೋಗಿ ಮೆಕೆಂಝಿ ಜೊತೆ ಅವರು 12 ಆಲೂಗಡ್ಡೆ ತಳಿಗಳ ಲೆಕ್ಕವನ್ನು ಹೊಸ ರೀತಿಯಲ್ಲಿ ಬಿಡಿಸಿದರು. ಅದೇ ಅನೋವಾ, ಅಂದರೆ ಏರುಪೇರಿನ ವಿಶ್ಲೇಷಣೆ. ಮೊದಲು 'ಎಲ್ಲ ತಳಿಗಳೂ ಒಂದೇ' ಎಂದಿಟ್ಟುಕೊಳ್ಳುವುದು. ಇದು ಶೂನ್ಯ ಪ್ರಾಕ್ಕಲ್ಪನೆ. ತಳಿ ತಳಿಗಳ ನಡುವಣ ಏರುಪೇರನ್ನು ಒಂದೇ ತಳಿಯ ಮಡಿಗಳೊಳಗಿನ ಏರುಪೇರಿನಿಂದ ಭಾಗಿಸುವುದು. ಭಾಗಲಬ್ಧ 1ರ ಆಸುಪಾಸಿನಲ್ಲಿದ್ದರೆ ತಳಿಗಳು ಬೇರೆಯೆನ್ನಲು ಆಧಾರವಿಲ್ಲ. ಸಾಕಷ್ಟು ದೊಡ್ಡದಿದ್ದರೆ ಆ ಪ್ರಾಕ್ಕಲ್ಪನೆಯನ್ನು ಕೈಬಿಡಬಹುದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಸ್ನೆಡೆಕರ್ 1934ರಲ್ಲಿ ಈ ಭಾಗಲಬ್ಧಕ್ಕೆ ಫಿಶರ್ ಗೌರವಾರ್ಥ 'ಎಫ್' ಎಂದು ಹೆಸರಿಟ್ಟರು.

ಬೆಂಗಳೂರಿನ ಜಿಕೆವಿಕೆಯಂಥ ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗಗಳಲ್ಲಿ ಇದು ನಿತ್ಯದ ಕೆಲಸ. ಇಳಿಜಾರಿಗೆ ಅಡ್ಡಲಾಗಿ ಹೊಲವನ್ನು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿಗಳಿಗೆ ಚೀಟಿ ಎತ್ತಿದಂತೆ ಜಾಗ ಕೊಡುತ್ತಾರೆ. ತಗ್ಗಿನ ತೇವದ ಲಾಭ ಒಂದೇ ತಳಿಗೆ ಸಿಗಬಾರದಲ್ಲ! ಯಾವ ತಳಿ ಮೇಲೆಂಬುದನ್ನು ಎಫ್ ಹೇಳದು. ಅದಕ್ಕೆ ಫಲಿತಾಂಶದ ಕೋಷ್ಟಕದ ಅಡಿಯಲ್ಲಿ 'ಸಿ.ಡಿ.' (ಕ್ರಿಟಿಕಲ್ ಡಿಫರೆನ್ಸ್) ಎಂಬ ಅಂಕಿಯಿರುತ್ತದೆ. ಎರಡು ಸರಾಸರಿಗಳ ಅಂತರ ಅದನ್ನು ಮೀರಿರಬೇಕು. ರೈತರ ಕರಪತ್ರದಲ್ಲೂ ಆ ಸಾಲು ಅಚ್ಚಾದರೆ ಚೆನ್ನು.

ಬಿತ್ತನೆ ಕಾಲವನ್ನೂ ಸೇರಿಸಿದರೆ ಲೆಕ್ಕ ಇನ್ನೂ ಸ್ವಾರಸ್ಯ. ಆಗ ಅನೋವಾ ಮೂರು ಪ್ರಶ್ನೆ ಕೇಳುತ್ತದೆ: ತಳಿಯ ಪ್ರಭಾವವೆಷ್ಟು, ಕಾಲದ್ದೆಷ್ಟು, ಕಾಲ ಬದಲಾದಂತೆ ತಳಿಗಳ ಸ್ಥಾನವೂ ಬದಲಾಗುತ್ತದೆಯೇ? ರಾಗಿಯಲ್ಲಿ ಬದಲಾಗುತ್ತದೆ. ಅದಕ್ಕೇ ಮಳೆ ಬೇಗ ಬಂದರೆ ದೀರ್ಘಾವಧಿಯ ಎಂಆರ್-6, ನಡುವೆ ಜಿಪಿಯು-28, ತಡವಾದರೆ ಅಲ್ಪಾವಧಿಯ ಜಿಪಿಯು-48 ಎಂಬ ಶಿಫಾರಸು.