ಹಾವಿನ ಊಟ

ಪಂಚಮಿ ಬಂದಿತೆಂದರೆ ಹೇಮಗುಡ್ಡದ ಸೀಮೆಯಲ್ಲಿಯೂ ಹುತ್ತಕ್ಕೆ ಹಾಲೆರೆಯುವ ಸಂಭ್ರಮ. ಹಾಲು ಹಾವಿನ ಆಹಾರವಲ್ಲ. ಹಲವು ಹಾವುಗಳ ಊಟ ಇಲಿ. ಪರದೇಶಗಳಲ್ಲಿ ಹಾವು ಸಾಕುವವರು ಇದನ್ನು ಚೆನ್ನಾಗಿ ಬಲ್ಲರು. ಜೀವಂತ ಇಲಿ ತಿರುಗಿಬಿದ್ದು ಹಾವನ್ನೇ ಕಚ್ಚೀತೆಂದು, ಹಿಮಗಟ್ಟಿಸಿಟ್ಟ ಸತ್ತ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗಾಗಿಸಿ, ಇಕ್ಕಳದಲ್ಲಿ ಹಿಡಿದು ಉಣಿಸುತ್ತಾರೆ. ತಣ್ಣಗಿದ್ದರೆ ಹೆಬ್ಬಾವು ಎಷ್ಟೋ ಸಲ ಮುಟ್ಟದು: ಬೇಟೆಯ ಮೈಬಿಸಿಯನ್ನು ಅರಿಯುವ ಕುಳಿಗಳು ಅದರ ತುಟಿಯಲ್ಲಿಯೇ ಇವೆ!

ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯಂತೆ ನಾಗರವನ್ನಾಗಲಿ ಕೇರೆಯನ್ನಾಗಲಿ ಮನೆಯಲ್ಲಿ ಸಾಕುವಂತಿಲ್ಲ. ಸಾಕುವ ಅಗತ್ಯವಾದರೂ ಏನು? ತುಂಗಭದ್ರೆಯ ಕಾಲುವೆ ಬಂದಮೇಲೆ ಗಂಗಾವತಿಯ ಸೀಮೆ ಭತ್ತದ ಕಣಜ. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಕೇರೆ. ಬದುವಿನ ಬಿಲಕ್ಕೆ ನುಗ್ಗಿ ಮರಿಗಳನ್ನೂ ಬಿಡದೆ ನುಂಗುವ ಈ ನಂಜಿಲ್ಲದ ಹಾವನ್ನು, ಪಂಚಮಿ ಕಳೆದ ಮರುದಿನ ಬಡಿಗೆ ಹಿಡಿದು ಅಟ್ಟುವವರೂ ನಾವೇ.